ಬ್ಲಾಕು ಜೋಡಿಸಿದರೆ ಎಂಜಿನಿಯರಿಂಗ್ ಬರುತ್ತದೆಯೇ?

ಪ್ರಶ್ನೆ: ನಾವು ಗದಗ-ಬೆಟಗೇರಿಯವರು. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಆರು. ಪುಣೆಯಲ್ಲಿರುವ ನನ್ನ ಮೈದುನ ದೀಪಾವಳಿಗೆ ಬಂದಾಗ ಪ್ಲಾಸ್ಟಿಕ್ ಬ್ಲಾಕುಗಳ ದೊಡ್ಡ ಪೆಟ್ಟಿಗೆ ತಂದುಕೊಟ್ಟ. ಜೊತೆಗಿದ್ದ ಚಿತ್ರಪುಸ್ತಕ ನೋಡಿಕೊಂಡು ಮಕ್ಕಳಿಬ್ಬರೂ ಎರಡೇ ದಿನದಲ್ಲಿ ಅಗ್ನಿಶಾಮಕ ವಾಹನ ಕಟ್ಟಿದರು. ಈಗ ಅದು ಷೋಕೇಸಿನಲ್ಲಿ ಧೂಳು ತಿನ್ನುತ್ತಿದೆ. ಇದರಿಂದ ಮಕ್ಕಳಿಗೆ ಎಂಜಿನಿಯರಿಂಗ್ ಬುದ್ಧಿ ಬರುತ್ತದೆ ಎನ್ನುತ್ತಾನೆ ಮೈದುನ. ಆ ದುಡ್ಡಿಗೆ ಒಂದು ಸೈಕಲ್ ಬರುತ್ತಿತ್ತು ಎನ್ನುತ್ತಾರೆ ನಮ್ಮ ಯಜಮಾನರು. ಹುಬ್ಬಳ್ಳಿಯಲ್ಲಿ ವಾರದ ಕೊನೆಗೆ ನಡೆಯುವ ರೋಬೋಟಿಕ್ಸ್ ತರಗತಿಗೆ ಮಗನನ್ನು ಸೇರಿಸಿ ಎಂದು ಪರಿಚಯದವರು ದುಂಬಾಲು ಬಿದ್ದಿದ್ದಾರೆ. ಬ್ಲಾಕು ಜೋಡಿಸಿದರೆ ನಿಜವಾಗಿಯೂ ಎಂಜಿನಿಯರಿಂಗ್ ಬರುತ್ತದೆಯೇ? ಮನೆಯಲ್ಲಿ ನಾನೇನು ಮಾಡಬಹುದು? ನಾನು ಓದಿದ್ದು ಬಿ.ಎ.

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ. ಬಿ.ಎ. ಓದಿದವರ ಕೈಯಲ್ಲಿ ಇದಾಗದು ಎಂಬ ಅಳುಕಿದ್ದರೆ ಬಿಟ್ಟುಬಿಡಿ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬಲವಿಜ್ಞಾನ ಕಲಿಸುತ್ತಲೇ ತಲೆ ನರೆಸಿಕೊಂಡವನು ನಾನು. ತೊಲೆಯೊಂದರ ಲೆಕ್ಕವನ್ನು ದಶಾಂಶದ ಮೂರನೆಯ ಸ್ಥಾನದವರೆಗೆ ಬಿಡಿಸುವ ಹುಡುಗರನ್ನು, ‘ಇದು ಮುರಿಯುವುದಾದರೆ ಬಿರುಕು ಮೇಲಿನಿಂದ ಶುರುವಾಗುತ್ತದೆಯೋ, ಕೆಳಗಿನಿಂದಲೋ?’ ಎಂದು ಕೇಳಿದರೆ ಪಕ್ಕದವನ ಮುಖ ನೋಡುತ್ತಾರೆ. ಅವರೇನು ದಡ್ಡರಲ್ಲ. ಹತ್ತನೆಯ ತರಗತಿ, ಪಿಯುಸಿ, ಸಿಇಟಿ ಎಂದು ಓಡುವ ಓಟದಲ್ಲಿ ಕೈಯಾರೆ ಒಂದನ್ನು ಕಟ್ಟಿ, ಅದು ಮುರಿಯುವುದನ್ನು ಕಣ್ಣಾರೆ ನೋಡುವ ಪುರುಸೊತ್ತು ಅವರಿಗೆ ಸಿಕ್ಕಿಲ್ಲ. ಆ ಪುರುಸೊತ್ತು ನಿಮ್ಮ ಮನೆಯಲ್ಲಿ ಈಗ ಇದೆ.

ಪುಸ್ತಕ ನೋಡಿಕೊಂಡು ಅಗ್ನಿಶಾಮಕ ವಾಹನ ಕಟ್ಟಿದರೆ ಎಂಜಿನಿಯರಿಂಗ್ ಬರುವುದಿಲ್ಲ. ಬರುವುದು ಜೋಡಣೆ. ಚಿತ್ರವನ್ನು ಓದಿ ಅದರಂತೆ ಕೈ ಆಡಿಸುವುದು, ಎಡಬಲ ತಪ್ಪದಿರುವುದು, ಬೇಕಾದ ಒಂದು ತುಂಡಿಗಾಗಿ ರಾಶಿಯಲ್ಲಿ ಹುಡುಕುವ ತಾಳ್ಮೆ. ಇವೆಲ್ಲ ಒಳ್ಳೆಯವೇ. ಆದರೆ ಆ ವಾಹನ ಹಾಗೆಯೇ ಏಕಿರಬೇಕು ಎಂಬುದನ್ನು ಯಾವುದೋ ದೇಶದಲ್ಲಿ ಕುಳಿತ ಯಾರೋ ಮೊದಲೇ ತೀರ್ಮಾನಿಸಿಬಿಟ್ಟಿದ್ದಾರೆ. ನಿಮ್ಮ ಮಕ್ಕಳಿಗೆ ತೀರ್ಮಾನಿಸಲು ಏನೂ ಉಳಿದಿಲ್ಲ, ಹಾಗಾಗಿಯೇ ಎರಡು ದಿನಕ್ಕೆ ಬೇಸರ ಬಂತು. ಕಟ್ಟಿದ್ದಕ್ಕೆ ಒಂದು ಕೆಲಸ ಹಚ್ಚಿ ನೋಡಿ. ಇಷ್ಟು ಅಗಲ ದಾಟಬೇಕು, ಇಷ್ಟು ಭಾರ ಹೊರಬೇಕು, ಇಷ್ಟೇ ಬ್ಲಾಕು ಬಳಸಬೇಕು. ಮೊದಲ ಸಲ ಅದು ಬೀಳುತ್ತದೆ. ಎಲ್ಲಿ ಬಿಚ್ಚಿಕೊಂಡಿತು ಎಂದು ಮಗು ಬಗ್ಗಿ ನೋಡಿ, ಅಲ್ಲೊಂದು ಕಡೆ ಮಾತ್ರ ಬದಲಿಸಿ, ಮತ್ತೆ ಭಾರ ಹಾಕಿದ ಗಳಿಗೆಯಲ್ಲಿ ಎಂಜಿನಿಯರಿಂಗ್ ಶುರುವಾಯಿತೆಂದು ತಿಳಿಯಿರಿ. ಈ ಕೆಲಸ ಹಚ್ಚುವವರು ನೀವು. ಅದಕ್ಕೆ ಪದವಿ ಬೇಕಿಲ್ಲ.

ಬ್ಲಾಕನ್ನೇ ಒಮ್ಮೆ ಕೈಯಲ್ಲಿ ಹಿಡಿದು ನೋಡೋಣ. ಇಂಥ ಬ್ಲಾಕಿಗೆ ಹೆಸರಾದ ಲೆಗೊ ಕಂಪನಿ ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನದು, 1932ರಲ್ಲಿ ಒಬ್ಬ ಬಡಗಿ ಆರಂಭಿಸಿದ್ದು. ಮೊದಮೊದಲು ಮಾಡುತ್ತಿದ್ದುದು ಮರದ ಆಟಿಕೆ. ಇಂದಿನ ರೂಪದ ಬ್ಲಾಕಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಅದಕ್ಕೂ ಮೊದಲಿನ ಬ್ಲಾಕುಗಳ ಹೊಟ್ಟೆ ಟೊಳ್ಳಾಗಿತ್ತು. ಒಂದರ ಮೇಲೊಂದು ಕೂರುತ್ತಿದ್ದವು, ಆದರೆ ಎತ್ತಿದರೆ ಕಳಚಿಕೊಳ್ಳುತ್ತಿದ್ದವು. 1958ರ ಬ್ಲಾಕಿನ ಹೊಟ್ಟೆಯಲ್ಲಿ ಕೊಳವೆಗಳು ಬಂದವು. ಮೇಲಿನ ಬ್ಲಾಕನ್ನು ಒತ್ತಿದಾಗ ಕೆಳಗಿನದರ ತಲೆಯ ಮೇಲಿರುವ ಗುಬುಟುಗಳು ಕೊಳವೆಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳುತ್ತವೆ. ಪ್ಲಾಸ್ಟಿಕ್ ಕಣ್ಣಿಗೆ ಕಾಣದಷ್ಟು ಹಿಗ್ಗಿ, ಮತ್ತೆ ಕುಗ್ಗಲು ಯತ್ನಿಸುತ್ತ ಅವುಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಅಂಟಿಲ್ಲ, ಮೊಳೆಯಿಲ್ಲ, ಕೆಲಸ ಮಾಡುವುದೆಲ್ಲ ಘರ್ಷಣೆ. ನಿಮ್ಮ ಮಗಳಿಗೆ ಒಂದು ಬ್ಲಾಕನ್ನು ತಿರುಗಿಸಿ ಒಳಗೆ ತೋರಿಸಿ, ‘ಈ ಕೊಳವೆ ಇಲ್ಲದಿದ್ದರೆ ಏನಾಗುತ್ತಿತ್ತು?’ ಎಂದು ಕೇಳಿ. ಉತ್ತರ ಹೇಳಿಕೊಡಬೇಡಿ.

ಅಳತೆಯೂ ಸ್ವಾರಸ್ಯಕರವಾಗಿದೆ. ಒಂದು ಗುಬುಟಿನ ನಡುವಿನಿಂದ ಮುಂದಿನ ಗುಬುಟಿನ ನಡುವಿಗೆ 8 ಮಿ.ಮೀ. ಬ್ಲಾಕಿನ ಎತ್ತರ ಗುಬುಟು ಬಿಟ್ಟು 9.6 ಮಿ.ಮೀ. ತೆಳುವಾದ ಪ್ಲೇಟು ಇದರ ಮೂರನೆಯ ಒಂದು ಪಾಲು, ಅಂದರೆ 3.2 ಮಿ.ಮೀ. ಹಾಗಾಗಿ ಐದು ಬ್ಲಾಕು ಎತ್ತರ ಪೇರಿಸಿದರೆ 48 ಮಿ.ಮೀ., ಆರು ಗುಬುಟು ಉದ್ದಕ್ಕೆ ಹೋದರೂ 48 ಮಿ.ಮೀ. ನಿಮ್ಮ ಮಗಳು ಶಾಲೆಯ ಅಳತೆಪಟ್ಟಿ ಹಿಡಿದು ಇದನ್ನು ತಾನೇ ಕಂಡುಕೊಂಡರೆ, ಗಣಿತದ ಪುಸ್ತಕದಲ್ಲಿ ಮುಖ ಸಿಂಡರಿಸಿಕೊಂಡು ಮಾಡುವ ಲಸಾಅ ಲೆಕ್ಕ ಇದೇ ಎಂದು ಅವಳಿಗೆ ಹೇಳಬೇಕಾಗಿಯೂ ಬರುವುದಿಲ್ಲ. ಎರಡು ಸಾಲು, ಸಾಲಿಗೆ ನಾಲ್ಕು ಗುಬುಟಿನ ಒಂದೇ ಬಣ್ಣದ ಎರಡು ಬ್ಲಾಕು ಕೊಟ್ಟು ಎಷ್ಟು ಬಗೆಯಲ್ಲಿ ಸೇರಿಸಬಹುದು ಎಂದೂ ಕೇಳಿ. ಉತ್ತರ 24. ಅಂಥ ಆರು ಬ್ಲಾಕು ಕೊಟ್ಟರೆ 91,51,03,765 ಬಗೆ. ಷೋಕೇಸಿನಲ್ಲಿರುವ ವಾಹನದಲ್ಲಿ ಎಷ್ಟು ಬ್ಲಾಕುಗಳಿವೆಯೋ ಲೆಕ್ಕ ಹಾಕಿ, ಪುಸ್ತಕ ತೋರಿಸಿದ್ದು ಅದರಲ್ಲಿ ಒಂದೇ ಒಂದು ಬಗೆ.

ಮೊದಲ ಕೆಲಸ ಗೋಡೆ. ಆರು ವರ್ಷದ ಮಗನಿಗೂ ಇದು ಆಗುತ್ತದೆ. ಬಿಟ್ಟರೆ ಮಕ್ಕಳು ಬ್ಲಾಕಿನ ಮೇಲೆ ಸರಿಯಾಗಿ ಬ್ಲಾಕನ್ನೇ ಇಡುತ್ತ ಹೋಗುತ್ತಾರೆ, ಸಂದಿನ ಮೇಲೆ ಸಂದು ಬರುತ್ತದೆ. ನೋಡಲು ಗೋಡೆ, ನಿಜದಲ್ಲಿ ಅಕ್ಕಪಕ್ಕ ನಿಂತ ನಾಲ್ಕಾರು ಕಂಬ. ಬೆರಳಿನಿಂದ ನೂಕಿದರೆ ಒಂದು ಕಂಬ ಮಾತ್ರ ಹೊರಗೆ ಬರುತ್ತದೆ. ಆಗ ಮಕ್ಕಳಿಬ್ಬರನ್ನೂ ಕರೆದುಕೊಂಡು ನಿಮ್ಮ ಓಣಿಯಲ್ಲೇ ಎಲ್ಲಿಯಾದರೂ ಮನೆ ಕಟ್ಟುತ್ತಿದ್ದರೆ ಅಲ್ಲಿಗೆ ಹೋಗಿ. ಗೌಂಡಿ ಒಂದು ವರಸೆ ಪೂರ್ತಿ ಇಟ್ಟಿಗೆಯಿಂದ ಶುರು ಮಾಡಿದರೆ ಮುಂದಿನ ವರಸೆಯನ್ನು ಅರ್ಧ ಇಟ್ಟಿಗೆಯಿಂದ ಶುರು ಮಾಡುತ್ತಾನೆ. ಅದನ್ನು ನೋಡಿ ಬಂದ ಮೇಲೆ ಮನೆಯಲ್ಲಿ ಮತ್ತೆ ಕಟ್ಟಲಿ, ಮತ್ತೆ ಬೆರಳಿನಿಂದ ನೂಕಲಿ. ಗೌಂಡಿಗೆ ಪುರುಸೊತ್ತಿದ್ದರೆ ಮಾತನಾಡಿಸಿ. ಮಕ್ಕಳು ಪ್ರಶ್ನೆ ಕೇಳಿದರೆ ಬೇಸರಪಟ್ಟುಕೊಳ್ಳುವ ಗೌಂಡಿಯನ್ನು ನಮ್ಮ ಸೀಮೆಯಲ್ಲಿ ನಾನು ಕಂಡಿಲ್ಲ. ಪ್ರಾಧ್ಯಾಪಕರನ್ನು ಕಂಡಿದ್ದೇನೆ.

ಎರಡನೆಯದು ನನಗೆ ಅತಿ ಪ್ರಿಯವಾದದ್ದು, ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಬೇಕಿರುವುದು ನಾಲ್ಕು ಗುಬುಟು ಉದ್ದದ ಮೂರು ಬ್ಲಾಕು ಮಾತ್ರ. ಎರಡನ್ನು ಉದ್ದಕ್ಕೆ ತುದಿಗೆ ತುದಿ ತಾಗಿಸಿ ಇಡಿ. ಮೂರನೆಯದನ್ನು ಆ ಸಂದಿನ ಮೇಲೆ, ಅರ್ಧ ಈಚೆಗೆ ಅರ್ಧ ಆಚೆಗೆ ಬರುವಂತೆ ಒತ್ತಿ. ಈಗ ಕೆಳಗೆ ಎರಡು, ಮೇಲೆ ಒಂದು ಇರುವ ಪುಟ್ಟ ಸೇತುವೆಯಾಯಿತು. ಇದರ ಎರಡು ತುದಿಗಳನ್ನು ಎರಡು ಪುಸ್ತಕಗಳ ಅಂಚಿನ ಮೇಲಿಟ್ಟು ನಡುವೆ ಬೆರಳಿನಿಂದ ಒತ್ತಲು ಮಗಳಿಗೆ ಹೇಳಿ. ಕೆಳಗಿನ ಸಂದು ಬಾಯಿ ತೆರೆದು ಮೂರೂ ಬಿಚ್ಚಿಕೊಳ್ಳುತ್ತವೆ. ಮತ್ತೆ ಜೋಡಿಸಿ, ಈ ಸಲ ಬುಡಮೇಲು ಮಾಡಿ ಇಡಿ. ಒಂಟಿ ಬ್ಲಾಕು ಕೆಳಗೆ, ಸಂದು ಮೇಲೆ. ಅವೇ ಮೂರು ಬ್ಲಾಕು, ಅದೇ ಬೆರಳು. ಈಗ ಅವಳು ಹೆಚ್ಚು ಬಲ ಹಾಕಬೇಕಾಗುತ್ತದೆ.

ಕಾರಣವನ್ನು ನೀವು ತಿಳಿದುಕೊಂಡಿರಿ, ಹೇಳುವ ಅವಸರ ಬೇಡ. ಎರಡೂ ಕಡೆ ಆಧಾರವಿರುವ ತೊಲೆಯ ನಡುವೆ ಭಾರ ಬಿದ್ದಾಗ ಅದು ಕೆಳಮುಖವಾಗಿ ಬಾಗುತ್ತದೆ. ಬಾಗಿದಾಗ ಮೇಲಿನ ಮೈ ಒತ್ತಿಕೊಳ್ಳುತ್ತದೆ, ಕೆಳಗಿನ ಮೈ ಎಳೆದುಕೊಳ್ಳುತ್ತದೆ. ಸಂದು ಕೆಳಗಿದ್ದಾಗ ಎಳೆತವನ್ನು ತಡೆಯಲು ಅಲ್ಲಿ ಏನೂ ಇಲ್ಲ. ಸಂದು ಮೇಲೆ ಬಂದಾಗ ಎರಡು ಬ್ಲಾಕಿನ ತುದಿಗಳು ಒಂದಕ್ಕೊಂದು ಒತ್ತಿ ನಿಲ್ಲುತ್ತವೆ, ಕೆಳಗಿನ ಇಡೀ ಬ್ಲಾಕು ಎಳೆತವನ್ನು ಹೊರುತ್ತದೆ. ನಿಮ್ಮ ಮನೆಯ ಚಾವಣಿಯ ಕಾಂಕ್ರೀಟಿಗೂ ಇದೇ ಸ್ವಭಾವ. ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಅದಕ್ಕಾಗಿ ಸ್ಲ್ಯಾಬಿನ ನಡುಭಾಗದಲ್ಲಿ ಕಬ್ಬಿಣದ ಸರಳುಗಳನ್ನು ಕೆಳಗಡೆ ಹಾಸುತ್ತಾರೆ.

ಇಲ್ಲಿಗೇ ನಿಲ್ಲಿಸಬೇಡಿ. ಅವೇ ಮೂರು ಬ್ಲಾಕುಗಳ ಒಂದು ತುದಿಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ದಪ್ಪ ಪುಸ್ತಕ ಹೇರಿ. ಸಂದು ಮೇಜಿನ ಅಂಚಿನಿಂದ ತುಸು ಹೊರಗೆ ಬರುವಂತೆ ಇನ್ನೊಂದು ತುದಿ ಹೊರಗೆ ಚಾಚಿರಲಿ, ಆ ತುದಿಯನ್ನು ಒತ್ತಲಿ. ಈ ಸಲ ಫಲ ತಿರುವುಮುರುವಾಗುತ್ತದೆ. ಮೇಲೆ ಸಂದಿದ್ದರೆ ಬಿಚ್ಚಿಕೊಳ್ಳುತ್ತದೆ, ಮೇಲೆ ಇಡೀ ಬ್ಲಾಕಿದ್ದರೆ ತಡೆಯುತ್ತದೆ. ಕಿಟಕಿಯ ಮೇಲಿನ ಸಜ್ಜಾ ಹೀಗೆಯೇ ಒಂದೇ ಕಡೆಯ ಆಧಾರದಲ್ಲಿ ನಿಂತಿರುವುದು, ಅಲ್ಲಿ ಎಳೆತ ಮೇಲಿನ ಮೈಗೆ. ಸರಳುಗಳೂ ಮೇಲೆಯೇ ಇರಬೇಕು. ಕಾಂಕ್ರೀಟ್ ಹಾಕುವಾಗ ಆಳುಗಳು ಆ ಸರಳುಗಳನ್ನು ತುಳಿದು ಕೆಳಗೆ ಕೂರಿಸಿಬಿಟ್ಟರೆ, ಆಸರೆಯ ಹಲಗೆ ಬಿಚ್ಚಿದ ದಿನವೇ ಸಜ್ಜಾ ಕುಸಿಯಬಹುದು. ಕೆಳಗೆ ನಿಂತವರ ಜೀವದ ಪ್ರಶ್ನೆ ಇದು. ಮೂರು ಬ್ಲಾಕು ಹಿಡಿದು ಇದನ್ನು ಬೆರಳ ತುದಿಯಲ್ಲಿ ಅನುಭವಿಸಿದ ಒಂಬತ್ತು ವರ್ಷದ ಹುಡುಗಿಗೆ, ನನ್ನ ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತಿರದ ಒಂದು ಸಂಗತಿ ಗೊತ್ತಿರುತ್ತದೆ.

ಆಮೇಲೆ ದೊಡ್ಡ ಸೇತುವೆ. ಎರಡು ಪುಸ್ತಕದ ರಾಶಿಗಳ ನಡುವೆ ಒಂದು ಗೇಣಿಗಿಂತ ತುಸು ಕಡಿಮೆ, ಹದಿನೈದು ಸೆಂಟಿಮೀಟರ್ ಅಂತರವಿರಲಿ. ಸೇತುವೆಯ ನಡುವಿನಿಂದ ದಾರ ಕಟ್ಟಿ ಒಂದು ಸ್ಟೀಲ್ ಲೋಟ ತೂಗಿಬಿಡಿ, ಕೆಳಗೆ ಪರಾತ ಇಡಿ. ಔಷಧದ ಬಾಟಲಿಯೊಂದಿಗೆ ಬರುವ ಅಳತೆಯ ಮುಚ್ಚಳದಿಂದ ನೀರು ಹಾಕುತ್ತ ಹೋಗಲಿ. ಒಂದು ಮಿಲಿಲೀಟರ್ ನೀರೆಂದರೆ ಒಂದು ಗ್ರಾಂ, ತಕ್ಕಡಿ ಬೇಕಿಲ್ಲ. ಲೋಟ ತುಂಬಿಯೂ ಸೇತುವೆ ನಿಂತಿದ್ದರೆ ತಂಬಿಗೆ ಕಟ್ಟಿ. ಬಿದ್ದಾಗ ಗಲಾಟೆಯೂ ಆಗುತ್ತದೆ, ನೆಲವೂ ಒದ್ದೆಯಾಗುತ್ತದೆ. ಬೈಯಬೇಡಿ.

ಇದಕ್ಕೊಂದು ನೋಟುಪುಸ್ತಕವಿರಲಿ. ಸೇತುವೆಯ ಚಿತ್ರ, ಬ್ಲಾಕುಗಳ ಸಂಖ್ಯೆ, ಎಷ್ಟು ಗ್ರಾಮಿಗೆ ಬಿತ್ತು, ಎಲ್ಲಿ ಮೊದಲು ಬಿಚ್ಚಿತು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮದಲ್ಲಿ ಮಾತ್ರ ನೀವು ಕಟ್ಟುನಿಟ್ಟಾಗಿರಿ. ಮಕ್ಕಳು ಉತ್ಸಾಹದಲ್ಲಿ ನಾಲ್ಕು ಕಡೆ ಬದಲಿಸುತ್ತಾರೆ, ಗೆದ್ದರೆ ಯಾವುದರಿಂದ ಗೆದ್ದದ್ದು ಎಂಬುದು ಗೊತ್ತಾಗುವುದಿಲ್ಲ. ಮೂರನೆಯ ವರಸೆ ಸೇರಿಸಿದರೆ ಏನಾಯಿತು? ಅದೇ ಬ್ಲಾಕುಗಳನ್ನು ಅಗಲಕ್ಕೆ ಹಾಕಿದರೆ? ತಳದಲ್ಲಿ ಸಂದುಗಳನ್ನು ದಾಟಿ ಹೋಗುವಂತೆ ಉದ್ದನೆಯ ಪ್ಲೇಟು ಒತ್ತಿದರೆ? ಈ ಕೊನೆಯದು ಮಕ್ಕಳನ್ನು ಬೆರಗುಗೊಳಿಸುತ್ತದೆ, ಏಕೆಂದರೆ 3.2 ಮಿ.ಮೀ.ನ ಆ ತೆಳು ತುಂಡು ತಳದ ಎಳೆತವನ್ನೆಲ್ಲ ಹೊತ್ತುಕೊಂಡುಬಿಡುತ್ತದೆ. ಗುಬುಟುಗಳನ್ನು ಮೇಲಕ್ಕೆ ಎತ್ತಿ ಕಳಚುವುದು ಸುಲಭ, ಪಕ್ಕಕ್ಕೆ ಜಾರಿಸಿ ಕಳಚುವುದು ಕಷ್ಟ. ಇಡಿಯಾದ ಮರದ ತೊಲೆಯಲ್ಲಾದರೆ ಅಗಲ ಎರಡು ಪಟ್ಟಾದಾಗ ಬಲ ಎರಡು ಪಟ್ಟು, ಎತ್ತರ ಎರಡು ಪಟ್ಟಾದಾಗ ಬಲ ನಾಲ್ಕು ಪಟ್ಟು. ಪ್ಲಾಸ್ಟಿಕ್ ಅಳತೆಪಟ್ಟಿಯನ್ನು ಮಲಗಿಸಿ ಬಾಗಿಸಿ, ಆಮೇಲೆ ಅಂಚಿನ ಮೇಲೆ ನಿಲ್ಲಿಸಿ ಬಾಗಿಸಲು ಹೋದರೆ ಇದು ಕೈಗೇ ತಿಳಿಯುತ್ತದೆ.

ಅಕ್ಕ-ತಮ್ಮನ ನಡುವೆ ಪೈಪೋಟಿ ಹುಟ್ಟಿದರೆ ಒಂದು ಶರತ್ತು ಹಾಕಿ. ಹೊತ್ತ ಗ್ರಾಮನ್ನು ಬ್ಲಾಕುಗಳ ಸಂಖ್ಯೆಯಿಂದ ಭಾಗಿಸಬೇಕು. ಮೂವತ್ತು ಬ್ಲಾಕಿನಲ್ಲಿ 900 ಗ್ರಾಂ ಹೊರಿಸಿದವರಿಗಿಂತ ಹನ್ನೆರಡು ಬ್ಲಾಕಿನಲ್ಲಿ 600 ಗ್ರಾಂ ಹೊರಿಸಿದವರದೇ ಗೆಲುವು. ಕಡಿಮೆ ಸಾಮಾನಿನಲ್ಲಿ ಕೆಲಸ ಸಾಧಿಸುವುದೇ ಈ ವಿದ್ಯೆಯ ಮುಕ್ಕಾಲು ಪಾಲು. ಸಿಮೆಂಟು ಸುರಿದು ಗಟ್ಟಿ ಮಾಡುವುದು ಯಾರಿಗಾದರೂ ಬರುತ್ತದೆ.

ಗದಗಿನವರಿಗೆ ಇನ್ನೊಂದು ಅನುಕೂಲವಿದೆ, ಬೆಂಗಳೂರಿನ ಮಕ್ಕಳಿಗೆ ಅದಿಲ್ಲ. ಹನ್ನೆರಡು ಕಿಲೋಮೀಟರ್ ದೂರದಲ್ಲಿ ಲಕ್ಕುಂಡಿಯಿದೆ. ಮುಂದಿನ ಸಲ ಕಾಶಿ ವಿಶ್ವೇಶ್ವರ ಗುಡಿಗೋ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯಕ್ಕೋ ಹೋದಾಗ ಕೆತ್ತನೆಯನ್ನು ಒಂದು ಗಳಿಗೆ ಮರೆತು ಕಂಬಗಳ ನಡುವಿನ ಅಂತರವನ್ನು ಹೆಜ್ಜೆಯಲ್ಲಿ ಅಳೆಯಲು ಮಕ್ಕಳಿಗೆ ಹೇಳಿ. ಒಳಗೆ ಅಷ್ಟು ಒತ್ತಾಗಿ ಕಂಬಗಳು ಏಕೆ? ಕಲ್ಲಿನ ತೊಲೆಗೂ ಎಳೆತ ತಡೆಯದು, ಉದ್ದ ಹೆಚ್ಚಾದರೆ ತಳದಲ್ಲಿ ಬಿರಿಯುತ್ತದೆ, ಅಲ್ಲಿ ಒಳಗೆ ಕಬ್ಬಿಣ ಹಾಸುವ ಮಾತಿಲ್ಲ. ಮೇಲೆ ನೋಡಿದರೆ ಚಾವಣಿಯಲ್ಲಿ ನಾಲ್ಕು ಮೂಲೆಗೂ ಅಡ್ಡಕಲ್ಲು ಇಟ್ಟು, ಉಳಿದ ಚೌಕದ ಮೂಲೆಗಳಿಗೆ ಮತ್ತೆ ಅಡ್ಡಕಲ್ಲು ಇಟ್ಟು, ತೆರೆದ ಜಾಗವನ್ನು ಕಿರಿದು ಮಾಡುತ್ತ ಹೋಗಿರುವುದು ಕಾಣುತ್ತದೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಗುಡಿಗಳಿವು. ಆಟಿಕೆಯ ಬ್ಲಾಕಿನಲ್ಲಿ ಕಮಾನು ಕಟ್ಟಲು ಬರುವುದಿಲ್ಲ, ಆದರೆ ಪ್ರತಿ ವರಸೆಯನ್ನೂ ಒಂದೊಂದು ಗುಬುಟು ಮುಂದೆ ಚಾಚುತ್ತ ಎರಡೂ ಕಡೆಯಿಂದ ಬಂದು ನಡುವೆ ಸೇರಿಸಬಹುದು. ಮನೆಗೆ ಬಂದ ಮೇಲೆ ಅದನ್ನು ಕಟ್ಟಿ ಎಂದು ಹೇಳಿದರೆ ಸಾಕು.

ಚಾಚುವ ಮಾತು ಬಂದದ್ದರಿಂದ ಬ್ಲಾಕಿಲ್ಲದ ಒಂದು ಆಟವನ್ನೂ ಹೇಳಿಬಿಡುತ್ತೇನೆ. ಒಂದೇ ಅಳತೆಯ ನಾಲ್ಕು ನೋಟುಪುಸ್ತಕ ತೆಗೆದುಕೊಂಡು ಮೇಜಿನ ಅಂಚಿನಲ್ಲಿ ಒಂದರ ಮೇಲೊಂದು ಪೇರಿಸಿ. ಎಲ್ಲಕ್ಕಿಂತ ಮೇಲಿನ ಪುಸ್ತಕ ಪೂರ್ತಿಯಾಗಿ ಮೇಜಿನಿಂದ ಆಚೆ, ಗಾಳಿಯಲ್ಲಿರಬೇಕು, ಆದರೆ ರಾಶಿ ಬೀಳಬಾರದು. ಆಗದ ಮಾತು ಎಂದೇ ಅನ್ನಿಸುತ್ತದೆ. ಮೇಲಿನದು ತನ್ನ ಕೆಳಗಿನದರಿಂದ ಅರ್ಧ ಉದ್ದ ಮುಂದೆ, ಅದು ಅದರ ಕೆಳಗಿನದರಿಂದ ಕಾಲು ಭಾಗ, ಮುಂದಿನದು ಆರನೆಯ ಒಂದು ಭಾಗ, ಕೊನೆಯದು ಮೇಜಿನಂಚಿನಿಂದ ಎಂಟನೆಯ ಒಂದು ಭಾಗ. ಕೂಡಿಸಿ ನೋಡಿ, ಒಂದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಬರುತ್ತದೆ. ಕೈ ನಡುಗಿದರೆ ಎಲ್ಲವೂ ನೆಲಕ್ಕೆ. ದೊಡ್ಡವರಿಗೂ ಹುಚ್ಚು ಹಿಡಿಸುವ ಆಟವಿದು, ಯಜಮಾನರನ್ನು ಇದಕ್ಕೆ ಕೂರಿಸಿ.

ಅವರ ಸೈಕಲ್ಲಿನ ಮಾತಿಗೂ ಉತ್ತರ ಕೊಡಬೇಕಲ್ಲ. ಮಕ್ಕಳಿಗೆ ಕಟ್ಟುವ ಆಟಿಕೆ ಕೊಡುವುದು ಈಚಿನ ಗೀಳೇನಲ್ಲ. ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್ 1837ರ ಹೊತ್ತಿಗೇ ಮರದ ಘನಗಳನ್ನು ಪಾಠದ ಸಾಮಗ್ರಿಯಾಗಿ ರೂಪಿಸಿದ್ದ. ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ತೂತುಬಿದ್ದ ಲೋಹದ ಪಟ್ಟಿ, ನಟ್ಟು-ಬೋಲ್ಟುಗಳ ಆಟಿಕೆಗೆ ಪೇಟೆಂಟ್ ಪಡೆದ, ಅದೇ ಮುಂದೆ ಮೆಕ್ಯಾನೋ ಎಂದು ಹೆಸರಾಯಿತು. ಯಜಮಾನರು ಹಳ್ಳಿಯಲ್ಲಿ ಬೆಳೆದವರಾದರೆ ಜೋಳದ ದಂಟಿನಿಂದ ಚಕ್ಕಡಿ ಮಾಡಿಯೇ ಇರುತ್ತಾರೆ. ಒಳಗಿನ ಮೆತ್ತನೆಯ ಬೆಂಡನ್ನು ತುಂಡರಿಸಿ, ಹೊರಗಿನ ಸಿಪ್ಪೆಯನ್ನು ಸೀಳಿ ಚೂಪು ಮಾಡಿ ಬೆಂಡಿಗೆ ಚುಚ್ಚಿದರೆ ನೊಗ, ಗಾಲಿ, ಅಚ್ಚು ಎಲ್ಲವೂ ತಯಾರು. ಅದು ಬ್ಲಾಕಿಗಿಂತ ಕಷ್ಟದ ಕೆಲಸ, ಏಕೆಂದರೆ ಅಲ್ಲಿ ಅಳತೆಯನ್ನೂ ಮಗುವೇ ನಿಶ್ಚಯಿಸಬೇಕು. ಸುಗ್ಗಿಯಲ್ಲಿ ದಂಟು ಸಿಕ್ಕಾಗ ಅವರಿಂದಲೇ ಒಂದು ಚಕ್ಕಡಿ ಮಾಡಿಸಿ. ಸಿಪ್ಪೆಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಸೀಳುವ ಕೆಲಸ ಅವರೇ ಮಾಡಲಿ.

ಬ್ಲಾಕಿಗೆ ಒಂದು ದೊಡ್ಡ ಕೊರತೆಯಿದೆ, ಮಾರುವವರು ಇದನ್ನು ಹೇಳುವುದಿಲ್ಲ. ಅದರಲ್ಲಿ ಎಲ್ಲವೂ ಚೌಕ, ಎಲ್ಲವೂ ಲಂಬಕೋನದ ಮೂಲೆ. ನಿಜವಾದ ಎಂಜಿನಿಯರಿಂಗ್ ನಿಂತಿರುವುದು ತ್ರಿಕೋನದ ಮೇಲೆ. ಮೊಬೈಲ್ ಗೋಪುರ, ಎಪಿಎಂಸಿ ಗೋದಾಮಿನ ತಗಡಿನ ಚಾವಣಿಯ ಕೆಳಗಿನ ಕಬ್ಬಿಣ, ಹಳೆಯ ರೈಲು ಸೇತುವೆ, ಎಲ್ಲಿ ನೋಡಿದರೂ ಓರೆಪಟ್ಟಿಗಳು ಕಾಣುತ್ತವೆ. ಇದನ್ನು ಕಲಿಸಲು ನಾಲ್ಕು ಐಸ್‌ಕ್ರೀಂ ಕಡ್ಡಿಗಳನ್ನು ಮೂಲೆಗಳಲ್ಲಿ ಗುಂಡುಪಿನ್ನಿನಿಂದ ಚುಚ್ಚಿ ಚೌಕ ಮಾಡಿ ತಳ್ಳಿ ನೋಡಲಿ. ಅದು ಸೊಟ್ಟಗಾಗಿ ಮಲಗುತ್ತದೆ. ಮೂರು ಕಡ್ಡಿಯ ತ್ರಿಕೋನ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಪೆಟ್ಟಿಗೆಯಲ್ಲಿ ತೂತುಗಳಿರುವ ಉದ್ದನೆಯ ಪಟ್ಟಿಗಳಿದ್ದರೆ 3, 4, 5ರ ತ್ರಿಕೋನ ಮಾಡಿಸಿ. ತೂತುಗಳನ್ನು ಎಣಿಸಿದರೆ ತಪ್ಪಾಗುತ್ತದೆ, ತೂತುಗಳ ನಡುವಿನ ಅಂತರವನ್ನು ಎಣಿಸಬೇಕು. ಆಗ ಒಂದು ಮೂಲೆ ಕರಾರುವಾಕ್ಕಾಗಿ ಲಂಬಕೋನವಾಗುತ್ತದೆ. ಮನೆಯ ಪಾಯ ಗುರುತು ಹಾಕುವಾಗ ಗೌಂಡಿ ದಾರ ಹಿಡಿದು ಮೂಲೆಮಟ್ಟ ನೋಡುವುದೂ ಇದೇ 3, 4, 5 ಅಡಿಯ ಲೆಕ್ಕದಲ್ಲಿ.

ಹಲ್ಲಿನ ಚಕ್ರಗಳ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪೆಟ್ಟಿಗೆಯಲ್ಲಿ ಅವು ಇದ್ದಂತಿಲ್ಲ. 8 ಹಲ್ಲಿನ ಚಕ್ರ 24 ಹಲ್ಲಿನದನ್ನು ತಿರುಗಿಸಿದರೆ ವೇಗ ಮೂರನೆಯ ಒಂದಾಗುತ್ತದೆ, ತಿರುಗಿಸುವ ಬಲ ಘರ್ಷಣೆಯಲ್ಲಿ ಹೋದದ್ದನ್ನು ಬಿಟ್ಟರೆ ಮೂರು ಪಟ್ಟಾಗುತ್ತದೆ. ಜೋಳದ ಡಬ್ಬಿ ಹಿಡಿದು ಹಿಟ್ಟಿನ ಗಿರಣಿಯಲ್ಲಿ ಪಾಳಿಗೆ ನಿಂತಾಗ ಪಟ್ಟೆಯನ್ನು ತೋರಿಸಿ. ಮೋಟಾರಿನ ಗಾಲಿ ಚಿಕ್ಕದು, ಕಲ್ಲು ತಿರುಗಿಸುವ ಗಾಲಿ ದೊಡ್ಡದು. ಕಪ್ಪತಗುಡ್ಡದ ಕಡೆ ಹೋದಾಗ ಗಾಳಿಯಂತ್ರಗಳಲ್ಲಿ ಇದರ ತದ್ವಿರುದ್ಧವಿದೆ. ಗೇರ್ ಪೆಟ್ಟಿಗೆಯಿರುವ ಯಂತ್ರಗಳಲ್ಲಿ ರೆಕ್ಕೆಗಳು ನಿಮಿಷಕ್ಕೆ ಹದಿನೈದಿಪ್ಪತ್ತು ಸುತ್ತು ಹಾಕಿದರೆ ಒಳಗಿನ ಜನರೇಟರ್ ಸಾವಿರದೈನೂರರ ಆಸುಪಾಸಿನಲ್ಲಿ ತಿರುಗುತ್ತದೆ. ಆಟಿಕೆಯಲ್ಲಿ ವೇಗವನ್ನು ಮೂರು ಪಟ್ಟು ಮಾಡುವ ನಾಲ್ಕು ಜೊತೆ ಚಕ್ರ ಹಾಕಿ 81 ಪಟ್ಟು ವೇಗ ಹೆಚ್ಚಿಸಲು ಹೊರಟರೆ ಹಿಡಿಕೆಯನ್ನು ತಿರುಗಿಸಲು ಹೋದ ಮಗು ಬೆವರುತ್ತದೆ, ಪ್ಲಾಸ್ಟಿಕ್ ಕಡ್ಡಿ ತಿರುಚಿಕೊಳ್ಳುತ್ತದೆ. ಯಜಮಾನರು ಸೈಕಲ್ ಕೊಡಿಸಿದರೆ ಇನ್ನೂ ಒಳ್ಳೆಯದು. ಮುಂದಿನ ಮತ್ತು ಹಿಂದಿನ ಚಕ್ರದ ಹಲ್ಲೆಣಿಸಿ ಭಾಗಿಸಿದರೆ ಒಂದು ಪೆಡಲಿಗೆ ಗಾಲಿ ಎಷ್ಟು ಸುತ್ತು ಎಂಬುದು ಸಿಗುತ್ತದೆ. ಹಾಗಾಗಿ ಮೈದುನ-ಯಜಮಾನರ ವಾದದಲ್ಲಿ ಇಬ್ಬರೂ ಸರಿ.

ಹುಬ್ಬಳ್ಳಿಯ ತರಗತಿಯ ವಿಷಯ. ಮಗನಿಗೆ ಆರು ವರ್ಷ, ಈಗ ಬೇಡ. ವಾರಕ್ಕೊಮ್ಮೆ ಅಷ್ಟು ದೂರ ರೈಲಿನಲ್ಲೋ ಬಸ್ಸಿನಲ್ಲೋ ಓಡಾಡಿ ಅವನು ಅಲ್ಲಿ ಕಲಿಯುವುದನ್ನು ನಿಮ್ಮ ಪಡಸಾಲೆಯಲ್ಲೇ ಕಲಿಯಬಹುದು. ಮುಂದೆ ಎಂದಾದರೂ ಸೇರಿಸುವುದಾದರೆ ಹಣ ಕಟ್ಟುವ ಮೊದಲು ಒಂದು ತರಗತಿಯಲ್ಲಿ ಹಿಂದೆ ಕುಳಿತು ನೋಡಿ. ಎಲ್ಲ ಮಕ್ಕಳ ಮುಂದೆಯೂ ಒಂದೇ ಬಗೆಯ ರೋಬೋ ಇದ್ದು, ಗಂಟೆ ಮುಗಿಯುವಷ್ಟರಲ್ಲಿ ಎಲ್ಲವೂ ಒಂದೇ ರೀತಿ ಓಡಿದರೆ ಅದು ನಿಮ್ಮ ಅಗ್ನಿಶಾಮಕ ವಾಹನದ ದುಬಾರಿ ಆವೃತ್ತಿ. ಶಿಕ್ಷಕರು ಮಗುವಿನ ಕೈಯಿಂದ ಕಿತ್ತುಕೊಂಡು ತಾವೇ ಸರಿಮಾಡಿ ಕೊಡುತ್ತಿದ್ದರೆ ಎದ್ದು ಬನ್ನಿ. ಒಂದೇ ಸಮಸ್ಯೆಗೆ ಮೂರು ಮಕ್ಕಳು ಮೂರು ಬಗೆಯ ಉತ್ತರ ಕಟ್ಟಿ, ಅದರಲ್ಲಿ ಎರಡು ಕೆಟ್ಟು, ಮಕ್ಕಳು ಅದರ ಬಗ್ಗೆ ಜಗಳವಾಡುತ್ತಿದ್ದರೆ ಸೇರಿಸಿ. ಆರನೆಯ ತರಗತಿಯಿಂದ ಮೇಲಿನವರಿಗಾಗಿ ಕೆಲವು ಶಾಲೆಗಳಲ್ಲಿ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ, ಮಗಳ ಮುಂದಿನ ಶಾಲೆ ಆರಿಸುವಾಗ ಅದಿದೆಯೇ, ಇದ್ದರೆ ಬೀಗ ತೆಗೆಯುತ್ತಾರೆಯೇ ಎಂದು ವಿಚಾರಿಸಿ. ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರಕ್ಕೆ ರಜೆಯಲ್ಲಿ ಒಂದು ದಿನ ಇಬ್ಬರನ್ನೂ ಕರೆದೊಯ್ಯಿರಿ.

ಮಗಳ ಮಾತು ಬಂತು. ನಿಮ್ಮ ಪತ್ರದಲ್ಲಿ ತರಗತಿಗೆ ಸೇರಿಸಬೇಕೆಂದಿರುವುದು ಮಗನನ್ನು, ವಯಸ್ಸಿಗೆ ಹೊಂದುವವಳು ಮಗಳು. ಪರಿಚಯದವರ ಒತ್ತಾಯವನ್ನು ನೀವು ಹಾಗೆಯೇ ಬರೆದಿದ್ದೀರಿ ಎಂದುಕೊಳ್ಳುತ್ತೇನೆ. ಆದರೂ ಗಮನಿಸಿ: ಅನೇಕ ಮನೆಗಳಲ್ಲಿ ತಮ್ಮ ಕಟ್ಟುತ್ತಾನೆ, ಅಕ್ಕ ಚೆಲ್ಲಿದ್ದನ್ನು ಆರಿಸಿ ಡಬ್ಬಿಗೆ ತುಂಬುತ್ತಾಳೆ. ನನ್ನ ತರಗತಿಗೆ ಬರುತ್ತಿದ್ದ ಹುಡುಗಿಯರಲ್ಲಿ ಲೆಕ್ಕಕ್ಕೆ ಹೆದರಿದವರು ಕಡಿಮೆ, ಸ್ಕ್ರೂಡ್ರೈವರ್ ಹಿಡಿಯಲು ಹಿಂಜರಿದವರು ಹೆಚ್ಚು, ಆ ಹಿಂಜರಿಕೆ ಹುಟ್ಟುವುದು ಇಂಥ ಸಣ್ಣ ಸಂಗತಿಗಳಲ್ಲಿ. ಆರಿಸುವ ಕೆಲಸ ಇಬ್ಬರಿಗೂ ಸಮನಾಗಿರಲಿ. ಇನ್ನೂ ಒಳ್ಳೆಯದೆಂದರೆ ಅರ್ಧ ಕಟ್ಟಿದ್ದನ್ನು ರಾತ್ರಿ ಹಾಗೆಯೇ ಬಿಡಲು ಒಂದು ಹಲಗೆ ಕೊಡಿ, ಮಂಚದ ಕೆಳಗೆ ತಳ್ಳಿದರಾಯಿತು. ದಿನವೂ ಬಿಚ್ಚಿ ಡಬ್ಬಿಗೆ ಹಾಕಬೇಕೆಂದರೆ ದೊಡ್ಡದೇನನ್ನೂ ಯಾರೂ ಕಟ್ಟುವುದಿಲ್ಲ.

ಇದರಿಂದ ಅಂಕ ಹೆಚ್ಚುತ್ತದೆ, ಐಐಟಿ ಸೀಟು ಸಿಗುತ್ತದೆ ಎಂದು ನಾನು ಹೇಳಲಾರೆ, ಹೇಳುವವರನ್ನು ನಂಬಲೂ ಬೇಡಿ. ಬ್ಲಾಕು ಕಟ್ಟುವ ಮಕ್ಕಳಲ್ಲಿ ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಶಕ್ತಿ ಚೆನ್ನಾಗಿರುತ್ತದೆ ಎಂದು ತೋರಿಸುವ ಅಧ್ಯಯನಗಳಿವೆ, ಅಷ್ಟು ಸಾಕು.

ಇನ್ನು ಕೊಳ್ಳುವ ವಿಚಾರ. ಮೂಲ ಬ್ಲಾಕಿನ ಪೇಟೆಂಟ್ ಎಂದೋ ಮುಗಿದಿರುವುದರಿಂದ ಅದೇ ಅಳತೆಯ ಬ್ಲಾಕುಗಳನ್ನು ಬೇರೆ ಕಂಪನಿಗಳೂ ಮಾಡುತ್ತವೆ, ಅಗ್ಗವಾಗಿಯೂ ಸಿಗುತ್ತವೆ. ಅಂಗಡಿಯಲ್ಲಿ ತೆರೆದು ತೋರಿಸುವುದಾದರೆ ಹತ್ತು ಬ್ಲಾಕು ಒಂದರ ಮೇಲೊಂದು ಪೇರಿಸಿ ಮೇಲಿನದನ್ನು ಹಿಡಿದು ಎತ್ತಿ ಅಲುಗಿಸಿ ನೋಡಿ. ನಡುವೆ ಕಳಚಿಕೊಂಡರೆ ಬೇಡ, ಮಗುವಿನ ಬೆರಳಿಗೆ ಬಿಚ್ಚಲಾಗದಷ್ಟು ಬಿಗಿಯಿದ್ದರೂ ಬೇಡ. ಆಟಿಕೆಗಳಿಗೆ 2021ರ ಜನವರಿಯಿಂದ ಐಎಸ್ಐ ಗುರುತು ಕಡ್ಡಾಯ, ಡಬ್ಬಿಯ ಮೇಲೆ ಅದನ್ನು ಹುಡುಕಿ. ಮನೆಗೆ ಮೂರು ವರ್ಷದೊಳಗಿನ ಕೂಸುಗಳು ಬರುವಂತಿದ್ದರೆ ಸಣ್ಣ ತುಂಡುಗಳನ್ನು ಮೇಲೆತ್ತಿಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ತೊಳೆಯುವುದಾದರೆ ಉಗುರುಬೆಚ್ಚಗಿನ ನೀರು ಸಾಕು. 40 ಡಿಗ್ರಿಗಿಂತ ಬಿಸಿಯಾದರೆ ಆಕಾರ ಕೆಡಬಹುದು, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಒಣಗಿಸಲು ಹಾಕಬೇಡಿ.

ಮುಂದಿನ ಹಬ್ಬಕ್ಕೆ ಏನು ತರಲಿ ಎಂದು ಮೈದುನ ಕೇಳಿದರೆ, ಮುಚ್ಚಳದ ಮೇಲೆ ವಿಮಾನವೋ ಕೋಟೆಯೋ ಇರುವ ಪೆಟ್ಟಿಗೆ ಬೇಡವೆನ್ನಿ. ನಾಲ್ಕು ಗುಬುಟಿನ ಸಾದಾ ಬ್ಲಾಕು ಒಂದು ಚೀಲ, ಉದ್ದನೆಯ ಪ್ಲೇಟುಗಳು, ತೂತಿರುವ ಪಟ್ಟಿ, ಅವಕ್ಕೆ ಹೊಂದುವ ಕಡ್ಡಿ ಮತ್ತು 8, 24, 40 ಹಲ್ಲಿನ ನಾಲ್ಕಾರು ಚಕ್ರಗಳು ಬಿಡಿಯಾಗಿ ಸಿಕ್ಕರೆ ಅವನ್ನೇ ತರಲಿ. ಅಷ್ಟರೊಳಗೆ ಅಗ್ನಿಶಾಮಕ ವಾಹನವನ್ನು ಬಿಚ್ಚಿರಬೇಕು. ನೀವು ಬಿಚ್ಚಬೇಡಿ, ಸೇತುವೆಗೆ ಬ್ಲಾಕು ಸಾಲದಾದ ದಿನ ಅವರೇ ಬಿಚ್ಚುತ್ತಾರೆ.